ಹುಲಿಗೇಶ ಹತ್ತದೆ ಸುಂಕಮ್ಮನ ಟಂಟಂ ಹೊರಡದು

ಬೆಳಕು ಹರಿಯುವ ಹೊತ್ತು. ಕಂಪ್ಲಿ ಕೋಟೆಯ ಓಣಿಯೊಂದರಲ್ಲಿ ಟಂಟಂ ಆಟೋ ನಿಲ್ಲಿಸಿ, ಸೆರಗು ಸಿಕ್ಕಿಸಿಕೊಂಡು, ಸುಂಕಮ್ಮ ಮುಚ್ಚಿದ ಬಾಗಿಲೊಂದನ್ನು ಬಡಿಯುತ್ತಿದ್ದಾರೆ. "ಲೇ ಹುಲಿಗೇಶ, ಎದ್ದಿಯೇನಪಾ? ಗಾಡ್ಯಾಗ ಮಂದಿ ಕಾಯಾಕತ್ಯಾರ!" ಬಾಗಿಲು ತೆರೆಯುವುದಿಲ್ಲ. ಗಾಡಿಯಲ್ಲಿ ಕುಳಿತವರು ಯಾರೂ ಗೊಣಗುವುದಿಲ್ಲ. ಅವರೆಲ್ಲ ಕುಡಿತ ಬಿಡಲು ಹೊಸಪೇಟೆಯ ಹಗಲು ಚಿಕಿತ್ಸಾ ಕೇಂದ್ರಕ್ಕೆ ಹೊರಟವರು. ಹಗಲೆಲ್ಲ ಅಲ್ಲಿದ್ದು, ಸಂಜೆ ಮನೆಗೆ ಮರಳುತ್ತಾರೆ. ಹೀಗೆ ಬಾಗಿಲು ಹಾಕಿಕೊಂಡು ಮಲಗಿದ ಬೆಳಗು ಅವರಿಗೂ ಗೊತ್ತು. ಸುಂಕಮ್ಮನ ಬಗ್ಗೆ ಬರೆಯಲು ಬಂದ ನಾನೂ ಇದೇ ಗಾಡಿಯಲ್ಲಿದ್ದೇನೆ.

ಕಬ್ಬಿನ ಲಾರಿ ಓಡಿಸುವ ಹುಲಿಗೇಶ್ ಕೆಲವು ದಿನಗಳಿಂದ ಕೇಂದ್ರಕ್ಕೆ ಹೋಗಿಲ್ಲ. ಇವತ್ತೂ ಹೋಗದಿದ್ದರೆ ಅವನ ಅಣ್ಣ ಅವನನ್ನು ದೂರದೂರಿನ ಕೇಂದ್ರವೊಂದಕ್ಕೆ ಸಾಗಿಸುವವರಿದ್ದಾರೆ. ಅಲ್ಲಿ ಬೀಗ ಹಾಕಿ ಇಡುತ್ತಾರಂತೆ, ಮನೆಯವರಿಗೂ ನೋಡಲು ಬಿಡುವುದಿಲ್ಲವಂತೆ. ಹಿತ್ತಲಿನಿಂದ ಬಂದ ಹೆಂಡತಿ ಪಂಪಾವತಿಯ ಮುಖ ನಿದ್ದೆಗೆಟ್ಟು ಬಾಡಿದೆ.

ಬೀಗದ ಕೇಂದ್ರವೋ ಹಗಲು ಚಿಕಿತ್ಸೆಯೋ ಎಂಬ ಆಯ್ಕೆಯ ಕಷ್ಟ ಸುಂಕಮ್ಮನಿಗೆ ಹೊಸದಲ್ಲ. ಗಾರೆ ಕೆಲಸದ ಗಂಡ ಮುದುಕಪ್ಪ ಕುಡಿದು ಕುಡಿದು ಮೂಲೆ ಹಿಡಿದಾಗ ಅವರೂ ಇದೇ ಆಯ್ಕೆಯ ಮುಂದೆ ನಿಂತಿದ್ದರು. "ಶೆರೆ ಅಂಗಡಿ ನಮ್ಮ ಓಣ್ಯಾಗ ಐತ್ರಿ. ಇಲ್ಲೇ ಇದ್ಕೊಂಡು ಬಿಡೋದು ಕಲೀಬೇಕು. ದೂರ ಕೂಡಿಹಾಕಿದ್ರ, ವಾಪಸ್ ಬಂದ ದಿನಾನ ಅದರ ಮುಂದ ಹೋಗಿ ನಿಂದರ್ತಾನ" ಎಂದು ಹಗಲು ಚಿಕಿತ್ಸೆಯನ್ನೇ ಆರಿಸಿಕೊಂಡರು. ಆದರೆ ಹೊಸಪೇಟೆ ಬಸ್ ಹತ್ತಿಸಿದ ಗಂಡ ನಡುದಾರಿಯ ಕಮಲಾಪುರದಲ್ಲೇ ಇಳಿದುಬಿಡುತ್ತಿದ್ದ! ಸುಂಕಮ್ಮ ಹಳೆಯ ಟಂಟಂ ಕೊಂಡು, ಓಡಿಸುವುದು ಕಲಿತು, ತಾವೇ ಕರೆದೊಯ್ದರು. "ನನ್ನ ಗಾಡಿ ಎಲ್ಲಿ ನಿಂದರ್ಬೇಕು ಅನ್ನೋದು ನನ್ನ ಕೈಯಾಗ ಐತಲ್ರಿ" ಎಂದು ನಗುತ್ತಾರೆ. ಮುದುಕಪ್ಪ ಈಗ ಕುಡಿತ ಬಿಟ್ಟು ಗೋಡೆ ಕಟ್ಟುತ್ತಾನೆ. ಬೆಳಿಗ್ಗೆ ಗಾಡಿಯ ಮಂದಿಗೆ ಮಂಡಕ್ಕಿ ವಗ್ಗರಣಿ ಕಟ್ಟಿಕೊಡುವುದೂ ಅವನೇ.

ಯಾವ ಚಿಕಿತ್ಸೆ ಒಳ್ಳೆಯದು ಎಂದು ಕೇಳಿಕೊಂಡು ಎಮ್ಮಿಗನೂರಿನಿಂದಲೂ ಜನ ಬರುತ್ತಾರೆ. ಸುಂಕಮ್ಮ ಎಲ್ಲರನ್ನೂ ಹತ್ತಿಸಿಕೊಳ್ಳುವುದಿಲ್ಲ. "ಕೈ ನಡುಗಿ, ಇಲ್ಲದ್ದೆಲ್ಲ ಕಾಣಾಕತ್ರ ನನ್ನ ಗಾಡಿ ಬ್ಯಾಡ್ರಿ. ಜಲ್ದಿ ದೊಡ್ಡ ದವಾಖಾನಿಗೆ ಸೇರಿಸ್ರಿ. ಡಾಕ್ಟ್ರು ಹೂಂ ಅಂದಮ್ಯಾಲೆ ಬರ್ರಿ. ಮತ್ತ, ಮನಿಯವರನ್ನೂ ಕುಂದ್ರಿಸಿ ಮಾತಾಡೋ ಜಾಗಾನ ನೋಡ್ರಿ."

ಬಾಗಿಲು ಇನ್ನೂ ಮುಚ್ಚಿದೆ. ಪಂಪಾವತಿ ಮೆಲ್ಲಗೆ ವಿಷಯ ಬಿಚ್ಚಿಡುತ್ತಾಳೆ. ಒಳ್ಳೆಯದಾಗಲೆಂದು ಮನೆಯವರೇ ಗಂಡನನ್ನು ಹುಲಿಗಿಯ ಗುಡಿಗೆ ಕರೆದೊಯ್ದು, ಇನ್ನು ಕುಡಿಯುವುದಿಲ್ಲವೆಂದು ಹುಲಿಗೆಮ್ಮ ದೇವಿಯ ಆಣೆ ಮಾಡಿಸಿದ್ದರು. ಮದುವೆಯೊಂದರಲ್ಲಿ ಅವನು ಕುಡಿದುಬಿಟ್ಟ. "ಆಣಿ ಮುರಿದ್ಮ್ಯಾಲೆ ಎಲ್ಲಾ ಮುಗೀತು ಅಂತಾನಕ್ಕಾ. ಇನ್ನ ಡಾಕ್ಟ್ರು ಏನ್ ಮಾಡ್ತಾರ ಅಂತಾನ." ಮನೆಯವರು ಪ್ರೀತಿಯಿಂದ ಮಾಡಿದ ಎಡವಟ್ಟು ಇದು. ಒಂದು ಸಂಜೆ ಜಾರಿದವನಿಗೆ ಎಲ್ಲವೂ ಜಾರಿಹೋದಂತೆ ಕಂಡಿದೆ. ನನಗೆ ಅವನ ಮೇಲೆ ಸಿಟ್ಟು ಬರುವುದಿಲ್ಲ, ಅಯ್ಯೋ ಅನಿಸುತ್ತದೆ.

ಸುಂಕಮ್ಮ ಕಟ್ಟೆಯ ಮೇಲೆ ಕೂತುಬಿಡುತ್ತಾರೆ. "ತಮ್ಮಾ, ಹುಲಿಗೆಮ್ಮಗ ಸಿಟ್ಟು ಬಂದ್ರ ನಾ ಆಕಿ ಕೂಡ ಮಾತಾಡ್ತೀನಿ, ಹೆಣ್ಣಮಕ್ಕಳ ಮಾತು ನಿನಗ್ಯಾಕ? ನಮ್ಮ ಮುದುಕಪ್ಪ ಎಷ್ಟು ಆಣಿ ಮುರ್ದಾನ, ಆ ತಾಯಿಗೂ ಲೆಕ್ಕ ತಪ್ಪೈತಿ. ಇವತ್ತ ವಗ್ಗರಣಿಗೆ ಉಪ್ಪು ಜಾಸ್ತಿ ಹಾಕ್ಯಾನ, ಬಂದು ಬೈ ಬಾ!"

ಗಾಡಿಯಲ್ಲಿ ನಗು ಏಳುತ್ತದೆ. ಚಿಲಕ ಸರಿಯುತ್ತದೆ. ಗಡ್ಡ ಬೆಳೆಸಿಕೊಂಡ ಹುಲಿಗೇಶ್ ತಲೆ ತಗ್ಗಿಸಿಕೊಂಡೇ ಬಂದು ಕೂರುತ್ತಾನೆ. ಗಾಡಿ ಬುಕ್ಕಸಾಗರ ದಾಟುತ್ತದೆ. ಆಮೇಲೆ ತಾನಾಗಿಯೇ, "ಮೊನ್ನೆ ಕುಡ್ದೀನ್ರಿ" ಎನ್ನುತ್ತಾನೆ. ಪಕ್ಕದವರು ಜರುಗಿ ಅವನಿಗೆ ಇನ್ನಷ್ಟು ಜಾಗ ಮಾಡಿಕೊಡುತ್ತಾರೆ. "ಇದನ್ನ ಡಾಕ್ಟ್ರ ಮುಂದೂ ಹೇಳಪಾ" ಎಂದು ಸುಂಕಮ್ಮ ಗೇರು ಬದಲಿಸುತ್ತಾರೆ.

ಕೇಂದ್ರದ ಗೇಟಿನ ಮುಂದೆ ಎಲ್ಲರೂ ಇಳಿದು ಒಳಗೆ ಹೋಗುತ್ತಾರೆ. ನಿಮ್ಮ ಆಸೆಯೇನಮ್ಮಾ ಎಂದು ಕೇಳುತ್ತೇನೆ. ಸುಂಕಮ್ಮ ಗಾಡಿ ಬಂದ್ ಮಾಡಿ ಹೇಳುತ್ತಾರೆ.

"ಪಂಪಾವತಿನ ಒಂದಿನ ಹಂಪಿಗೆ ಕರ್ಕೊಂಡ್ ಹೋಗ್ಬೇಕು ಸರ. ಗಂಡ ಏನ್ ಮಾಡಾಕತ್ಯಾನೋ ಅಂತ ಚಿಂತಿ ಇಲ್ದಂಗ ಇರಾಕ ಆಕಿಗೂ ಒಂದು ಹಗಲು ಬೇಕಲ್ರಿ."