ಹುಲಿಯಮ್ಮ ಕಟ್ಟಿದ ತಂತಿ, ಅಂಜಲ್ ಮೀನಿನ ಹಲ್ಲು

ಸೊರಬದ ಬಸ್ ನಿಲ್ದಾಣದ ಹತ್ತಿರ ಸೈಕಲ್, ಬೈಕ್ ರಿಪೇರಿ ಅಂಗಡಿ ನಡೆಸುವ ಹುಲಿಯಮ್ಮ ಐವತ್ತು ವರ್ಷದವರೆಗೂ ಸಮುದ್ರ ಕಂಡವಳಲ್ಲ. ಅಂಗಡಿ ಮೊದಲು ಗಂಡ ಮಾಸ್ತಪ್ಪನದು. ತುಂಡಾದ ಕ್ಲಚ್ ವೈರಿಗೆ ಹೊಸ ತುದಿ ಬೆಸೆದು ಕೊಡುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಆರು ವರ್ಷದ ಹಿಂದೆ ಲಕ್ವ ಹೊಡೆದು ಅವನ ಬಲಗೈ ಬಿದ್ದುಹೋಯಿತು, ಮಾತು ತೊದಲಾಯಿತು. ಅವನು ಸ್ಟೂಲಿನ ಮೇಲೆ ಕೂತು ಹೇಳುತ್ತ ಹೋದ, ಇವಳು ಮಾಡುತ್ತ ಹೋದಳು. ಮೊದಲ ವರ್ಷ ಗಿರಾಕಿಗಳು ಅವಳನ್ನು ಬಿಟ್ಟು ಮಾಸ್ತಪ್ಪನನ್ನೇ ಮಾತಾಡಿಸುತ್ತಿದ್ದರು. ಆಮೇಲೆ ಅದೂ ನಿಂತಿತು.

ಕಳೆದ ನವೆಂಬರಿನ ಒಂದು ಶನಿವಾರ ಬೈಕಿನ ಕ್ಲಚ್ ವೈರ್ ಕಿತ್ತುಹೋಗಿ ಶರತ್ ಎಂಬ ಮೇಷ್ಟರು ಅಲ್ಲಿಗೆ ಬಂದರು. ಊರು ತೊಗರ್ಸಿ, ಕೆಲಸ ಹೊನ್ನಾವರದ ಕಾಲೇಜಿನಲ್ಲಿ. ರಜೆ ಸಿಕ್ಕರೆ ಸಾಕು, ದೋಣಿ ಹತ್ತಿ ಸಮುದ್ರಕ್ಕೆ ಗಾಳ ಹಾಕಲು ಹೋಗುವ ಗೀಳು. ಹುಲಿಯಮ್ಮ ವೈರು ಕಟ್ಟುವುದನ್ನು ಕಣ್ಣು ಮಿಟುಕಿಸದೆ ನೋಡಿದವರು ಚೀಲದಿಂದ ಮೊಳದುದ್ದದ ತಂತಿ ತೆಗೆದರು.

“ಅಕ್ಕಾ, ಇಂಥದ್ದು ಕಟ್ಟಿಕೊಡ್ತೀರಾ? ಇದಕ್ಕೆ ಲೀಡರ್ ಅಂತಾರೆ.”

“ಲೀಡರ್ರಾ? ಓಟು ಕೇಳಾಕೆ ಬರೋರು ಅಲ್ವೇನ್ರೀ ಅವ್ರು?”

ಶರತ್ ನಗುತ್ತಲೇ ವಿವರಿಸಿದರು. ಅಂಜಲ್ ಮೀನಿನ ಹಲ್ಲು ಬ್ಲೇಡಿನಷ್ಟು ಹರಿತ. ಬರೀ ನೈಲಾನ್ ದಾರವಾದರೆ ಕಚಕ್ಕನೆ ಕತ್ತರಿಸಿ ಹೋಗುತ್ತದೆ. ಅದಕ್ಕೇ ದಾರಕ್ಕೂ ಗಾಳಕ್ಕೂ ನಡುವೆ ಒಂದು ಮೊಳ ಉಕ್ಕಿನ ತಂತಿ. ತಂತಿಯ ಒಂದು ತುದಿಯಲ್ಲಿ ಗಾಳ, ಇನ್ನೊಂದು ತುದಿಯಲ್ಲಿ ಗರಗರ ತಿರುಗುವ ಪುಟ್ಟ ಬಳೆ. ಮೀನು ಎಷ್ಟು ಸುತ್ತಿದರೂ ದಾರ ಮುರುಟಬಾರದು, ಅದಕ್ಕೆ. ಪೇಟೆಯಲ್ಲಿ ತಯಾರಾದದ್ದೇ ಸಿಗುತ್ತದೆ, ಆದರೆ ಅವರು ಹೋಗುವ ಕಡೆ ದೊಡ್ಡ ಮೀನಿಗೆ ತಾಳುತ್ತಿಲ್ಲ.

ಹುಲಿಯಮ್ಮ ಗಂಡನ ಮುಖ ನೋಡಿದಳು. “ಬೆಸುಗೆ... ಹಾಕಿ ಕೊಡು,” ಅಂದ ಮಾಸ್ತಪ್ಪ. ಮುಂದಿನ ವಾರ ಆರು ತಂತಿ ತಯಾರಾಗಿ ಶರತ್ ಕೈ ಸೇರಿದವು.

ಆಮೇಲೆ ಶರತ್ ಎರಡು ವಾರ ಅಂಗಡಿಯತ್ತ ಸುಳಿಯಲಿಲ್ಲ. ಮೂರನೇ ಶನಿವಾರ ಬೈಕಿನಲ್ಲಿ ಹಾಗೇ ಹೋಗುತ್ತಿದ್ದವರನ್ನು ಹುಲಿಯಮ್ಮ ರಸ್ತೆಗಿಳಿದು ನಿಲ್ಲಿಸಿದಳು.

“ಮೇಷ್ಟ್ರೇ, ವೈರು ಏನಾಯ್ತು?”

“ಚೆನ್ನಾಗಿದ್ವು ಅಕ್ಕಾ.”

“ನನ್ನ ಮುಖ ನೋಡಿ ಹೇಳ್ರಿ.”

ಹೇಳಲೇಬೇಕಾಯಿತು. ಮೂರು ತಂತಿ ಬೆಸುಗೆಯ ಪಕ್ಕದಲ್ಲೇ ತುಂಡಾಗಿದ್ದವು. ಮೂರನೆಯದು ತುಂಡಾದಾಗ ಬಿಗಿದಿದ್ದ ದಾರ ಚಾಟಿಯಂತೆ ಹಿಂದಕ್ಕೆ ಹಾರಿ ದೋಣಿಯ ಯಜಮಾನರ ಕೆನ್ನೆ ಸೀಳಿತ್ತು. ನಾಲ್ಕು ಹೊಲಿಗೆ ಬಿದ್ದಿದ್ದವು.

ಹುಲಿಯಮ್ಮನಿಗೆ ಅವತ್ತು ಊಟ ಸೇರಲಿಲ್ಲ. “ನನ್ನ ಮಾತು ಕೇಳಿ ಕೆಟ್ಟೆ ನೀನು,” ಅಂದ ಮಾಸ್ತಪ್ಪ, ಒಂದೊಂದೇ ಮಾತನ್ನು ಹೊರಳಿಸುತ್ತ. “ಕ್ಲಚ್ ಎಳೆಯೋದು ಎರಡು ಬೆರಳು. ಮೀನು... ಮೈಯೆಲ್ಲ ಹಾಕಿ ಎಳಿತದೆ.”

“ಹಂಗಾರೆ ನಾವೂ ಎಳೆದು ನೋಡಾಣ ಬಿಡ್ರಿ,” ಅಂದಳು ಅವಳು.

ಅಂಗಡಿಯ ಕಬ್ಬಿಣದ ತೊಲೆಗೆ ಬೆಸುಗೆ ಹಾಕಿದ ಇನ್ನೊಂದು ತಂತಿ ಕಟ್ಟಿ, ಕೆಳಗೆ ಐವತ್ತು ಕಿಲೋ ಅಕ್ಕಿಮೂಟೆ ನೇತುಹಾಕಿದಳು. ಮೂಟೆಯನ್ನು ಒಂದಡಿ ಎತ್ತಿ ಬಿಟ್ಟಳು. ಫಟ್! ತುಂಡಾದ ಜಾಗವನ್ನು ಬೆಳಕಿಗೆ ಹಿಡಿದಾಗ ಬೆಸುಗೆಯ ಕಾವಿಗೆ ತಂತಿ ನೀಲಿ ತಿರುಗಿ, ಉಕ್ಕಿನ ಹದ ಕೆಟ್ಟದ್ದು ಕಂಡಿತು. ಹಾಗಾದರೆ ಬೆಂಕಿಯೇ ಬೇಡ. ತಂತಿಯ ತುದಿಯನ್ನು ಕುಣಿಕೆಯಾಗಿ ಮಡಚಿ ತಾಮ್ರದ ಸಣ್ಣ ಕೊಳವೆಯೊಳಗೆ ತೂರಿಸಿ ಇಕ್ಕಳದಿಂದ ಬಲವಾಗಿ ಅಮುಕಿದಳು. ಅದೂ ತುಂಡಾಯಿತು, ಈ ಸಲ ಕೊಳವೆಯ ಅಂಚಿನಲ್ಲಿ. ಅಮುಕಿದ ಅಂಚೇ ಚಾಕುವಾಗಿತ್ತು. ಇಕ್ಕಳದ ಹಲ್ಲನ್ನು ಅರದಿಂದ ಉಜ್ಜಿ ನುಣುಪು ಮಾಡಿದಳು. ಕೊಳವೆಯ ಎರಡು ಅಂಚು ಬಿಟ್ಟು ಮಧ್ಯದಲ್ಲಿ ಮಾತ್ರ ಎರಡು ಕಡೆ ಒತ್ತಿದಳು. ಹತ್ತು ಸಲ ಮೂಟೆ ಬಿಟ್ಟರೂ ತಂತಿ ಜಗ್ಗಲಿಲ್ಲ. ಹನ್ನೊಂದನೇ ಸಲ ಮೂಟೆಯ ಹೊಲಿಗೆಯೇ ಬಿಚ್ಚಿ ಅಂಗಡಿ ತುಂಬ ಅಕ್ಕಿ ಚೆಲ್ಲಿತು. ಮಾಸ್ತಪ್ಪ ಅಷ್ಟು ಜೋರಾಗಿ ನಕ್ಕದ್ದು ಲಕ್ವ ಹೊಡೆದ ಮೇಲೆ ಅದೇ ಮೊದಲು.

ಶರತ್ ತಂತಿ ಒಯ್ಯಲು ಬಂದಾಗ ಹುಲಿಯಮ್ಮ, “ನಾನೂ ಬರ್ತೀನಿ. ಆ ದೋಣಿಯವ್ರ ಕೆನ್ನೆ ನೋಡಬೇಕು ನಾನು,” ಎಂದಳು.

ಜನವರಿಯ ಒಂದು ಬೆಳಗ್ಗೆ ಹೊನ್ನಾವರದಲ್ಲಿ ದೋಣಿ ಹತ್ತಿದಳು. ಯಜಮಾನರ ಕೆನ್ನೆಯ ಗಾಯ ಮಾಗಿತ್ತು. ಅವಳು ಕೈ ಮುಗಿಯಲು ಹೋದರೆ ಅವರು, “ಸಮುದ್ರಕ್ಕೆ ಹೋಗುವವನ ಮೈಮೇಲೆ ಒಂದು ಗೀರೂ ಇಲ್ದಿದ್ರೆ ಹೆಂಡ್ತಿ ನಂಬುದಿಲ್ಲ,” ಎಂದು ಮಾತು ಹಾರಿಸಿದರು. ದಡ ಕಣ್ಮರೆಯಾಗುವಷ್ಟರಲ್ಲಿ ಹುಲಿಯಮ್ಮ ಎರಡು ಸಲ ವಾಂತಿ ಮಾಡಿಕೊಂಡಿದ್ದಳು.

ಬಿಸಿಲೇರಿದ ಮೇಲೆ ಶರತ್‌ರ ಗಾಳಕ್ಕೆ ಮೀನು ಬಿತ್ತು. ದಾರ ಕಿರ್ರೆಂದು ಓಡಿತು. “ಎಳೀಬೇಡಿ, ಓಡ್ಲಿ ಬಿಡಿ!” ಎಂದು ಯಜಮಾನರು ಕೂಗಿದರು. ಮೀನು ಓಡುವಾಗ ಬಿಡುವುದು, ಸುಸ್ತಾದಾಗ ಸುತ್ತಿಕೊಳ್ಳುವುದು. ಮುಕ್ಕಾಲು ಗಂಟೆ ಇದೇ ನಡೆಯಿತು. ಹುಲಿಯಮ್ಮ ಮೀನು ನೋಡಲಿಲ್ಲ. ದೋಣಿಯ ಅಂಚು ಹಿಡಿದು, ದಾರ ನೀರಿಗಿಳಿಯುವ ಜಾಗವನ್ನೇ ನೋಡುತ್ತಿದ್ದಳು. ಈಗ ಹೋಯಿತು, ಈಗ ಹೋಯಿತು ಎಂದುಕೊಳ್ಳುತ್ತಿದ್ದಳು.

ಹೋಗಲಿಲ್ಲ. ಬೆಳ್ಳಿಯಂತೆ ಹೊಳೆಯುವ ಹದಿನಾಲ್ಕು ಕಿಲೋ ಅಂಜಲ್ ದೋಣಿಗೆ ಬಿತ್ತು. ಅದರ ಹಲ್ಲು ತಂತಿಯನ್ನು ಉದ್ದಕ್ಕೂ ಗೀರಿತ್ತು. ಕೊಳವೆ ಮಾತ್ರ ಕೂದಲೆಳೆಯಷ್ಟೂ ಸರಿದಿರಲಿಲ್ಲ. ಯಜಮಾನರು ಅದನ್ನು ಉಗುರಿನಿಂದ ಕೆರೆದು ನೋಡಿದರು. “ನಂಗೂ ಹತ್ತು ಕಟ್ಟಿಕೊಡಿ,” ಅಂದರು. ಹುಲಿಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಉಪ್ಪುಗಾಳಿ ಎಂದಳು.

ಸಂಜೆ ಮನೆಗೆ ಬಂದಾಗ ಮಾಸ್ತಪ್ಪ ಕೇಳಿದ್ದು ಒಂದೇ ಮಾತು: “ತುಂಡಾಗ್ಲಿಲ್ವಾ?”

“ಇಲ್ರೀ.”

ಈಗ ಐದು ದೋಣಿಯವರು ಹುಲಿಯಮ್ಮನ ಹತ್ತಿರವೇ ತಂತಿ ಕಟ್ಟಿಸುತ್ತಾರೆ. ಪ್ರತಿ ತಂತಿಯ ಮೇಲೂ ಮಾಸ್ತಪ್ಪ ಎಡಗೈಯ ಹೆಬ್ಬೆರಳು ಆಡಿಸಿ, ಎಳೆ ಎಲ್ಲಿಯೂ ಎದ್ದಿಲ್ಲ ಎಂದು ಖಾತ್ರಿಯಾದ ಮೇಲೆಯೇ ಅದು ಅಂಗಡಿ ದಾಟುವುದು. ಹೋದ ವಾರ ಒಂದನ್ನು ಬೇಡವೆಂದು ಪಕ್ಕಕ್ಕಿಟ್ಟ. ಸರಿಯಾಗೇ ಐತೆ ಎಂದು ಅವಳು ಅರ್ಧ ಗಂಟೆ ವಾದ ಮಾಡಿ, ಕೊನೆಗೆ ಕತ್ತರಿಸಿ ಹೊಸದನ್ನು ಕಟ್ಟಲು ಕೂತಳು.