ಒಂದು ಮನೆಗೆ ಒಂದು ದಿನದ ಕೈ

ನನ್ನ ದಿನಚರಿಯಲ್ಲಿ ಸೊನ್ನೆಗಳೇ ತುಂಬಿದ ಒಂದು ಪುಟವಿದೆ. ಎಡಕ್ಕೆ ವಾರ, ಬಲಕ್ಕೆ ಕೇರಿಯ ಹೊಸ ಬಾವಿಯಿಂದ ಎತ್ತಿದ ಕೊಡಗಳ ಎಣಿಕೆ. ಸೋಮವಾರ ಸೊನ್ನೆ, ಮಂಗಳವಾರ ಸೊನ್ನೆ, ಹೀಗೆಯೇ ಶನಿವಾರದವರೆಗೆ. ಭಾನುವಾರ ಎರಡು. ಆ ಎರಡನ್ನೂ ಎತ್ತಿದವಳು ನಾನೇ.

ಎಣಿಸುವುದು ನನಗೆ ಅಪ್ಪನಿಂದ ಬಂದ ಅಭ್ಯಾಸ. ಅವರು ಹೊಸಪೇಟೆ ಸ್ಟೇಷನ್ನಿನಲ್ಲಿ ಕೆಲಸಕ್ಕಿದ್ದರು. ಯಾವ ಗಾಡಿ ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತಿಗೆ ಹೋಯಿತು ಎಂದು ಬರೆದಿಡುವುದೇ ಅವರ ಕೆಲಸವಾಗಿತ್ತು. ನಾನು ಟೀಚರ್ ತರಬೇತಿ ಮುಗಿಸಿದ ವರ್ಷ ಹೊಸಪೇಟೆಯ ಮಿಷನ್ನಿನವರು ನನ್ನನ್ನು ಕಂಪ್ಲಿಯ ಆಚೆ, ಎಮ್ಮಿಗನೂರಿನ ಕಡೆಗೆ ಹೋಗುವ ದಾರಿಯ ಒಂದು ಕೇರಿಯ ಶಾಲೆಗೆ ಕಳಿಸಿದರು. ಆಗ ನನಗೆ ಇಪ್ಪತ್ತು ವರ್ಷ. ಹೋದ ಮೊದಲ ವಾರವೇ ಎಲ್ಲವನ್ನೂ ಎಣಿಸಿದೆ. ಮನೆಗಳು ಮೂವತ್ತೊಂದು. ಶಾಲೆಗೆ ಬರುವ ಮಕ್ಕಳು ಹದಿನೇಳು. ನಾರುಹುಣ್ಣಿನ ಕಾಲುಗಳು ಹತ್ತೊಂಬತ್ತು.

ನಾರುಹುಣ್ಣನ್ನು ಕಾಣದವರಿಗೆ ಅದರ ಸಂಕಟ ಹೇಳುವುದು ಕಷ್ಟ. ಬೇಸಿಗೆಯಲ್ಲಿ ಕಾಲಿನ ಮೇಲೆ ಗುಳ್ಳೆ ಏಳುತ್ತದೆ, ಉರಿಯುತ್ತದೆ, ಒಡೆಯುತ್ತದೆ. ಒಳಗಿನಿಂದ ಬಿಳಿ ದಾರದಂಥ ಹುಳು ತಲೆ ಹೊರಹಾಕುತ್ತದೆ. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಂದು ಎಳೆಯಬೇಕು. ಹರಿದರೆ ಕಾಲು ಊದಿ ಮನುಷ್ಯ ಹಾಸಿಗೆ ಹಿಡಿಯುತ್ತಾನೆ. ಕೇರಿಯ ಸೂಲಗಿತ್ತಿಗೆ ಹಿಂದಿನ ಬೇಸಿಗೆ ಎರಡೂ ಕಾಲಿಗೆ ನಾರು ಬಿದ್ದಿತ್ತು. ಓಣಿಯ ಆ ತುದಿಯಲ್ಲಿ ಹೆರಿಗೆಯಾಗುತ್ತಿದ್ದಾಗ ಆಕೆ ತೆವಳಿಕೊಂಡು ಹೊರಟು ಅರ್ಧ ದಾರಿಯಲ್ಲೇ ಉಳಿದಳಂತೆ. ಕೂಸು ಉಳಿಯಲಿಲ್ಲ. ಅದನ್ನು ಹೇಳುವಾಗ ಆಕೆ ತನ್ನ ಪಾದಗಳನ್ನು ಬೇರೆ ಯಾರದೋ ಎಂಬಂತೆ ನೋಡುತ್ತಿದ್ದಳು.

ಹದಿನೈದು ದಿನಕ್ಕೊಮ್ಮೆ ಹೊಸಪೇಟೆಯಿಂದ ಔಷಧದ ಪೆಟ್ಟಿಗೆಯೊಡನೆ ಬಂಡಿಯಲ್ಲಿ ಬರುತ್ತಿದ್ದ ಮಿಷನ್ನಿನ ಡಾಕ್ಟರಮ್ಮನವರು ವಿಲಾಯಿತಿಯವರು. ಕನ್ನಡವನ್ನು ಪುಸ್ತಕದಿಂದ ಕಲಿತಿದ್ದರು. ಕೇರಿಯವರು ಕುಡಿಯುವ ಮೆಟ್ಟಿಲು ಬಾವಿಯನ್ನು ನನಗೆ ತೋರಿಸಿ ಒಂದೊಂದೇ ಮಾತು ಜೋಡಿಸಿ ಹೇಳಿದರು: "ಹುಣ್ಣಿನ ಕಾಲು ನೀರಿಗೆ ಇಳಿಯುತ್ತದೆ. ಕಾಲಿನಿಂದ ರೋಗ ನೀರಿಗೆ. ನೀರಿನಿಂದ ಹೊಟ್ಟೆಗೆ. ಈ ಬೇಸಿಗೆ ಕುಡಿದದ್ದು ಮುಂದಿನ ಬೇಸಿಗೆ ಕಾಲಿನಲ್ಲಿ ಹೊರಗೆ ಬರುತ್ತದೆ. ಯಾರೂ ಕಾಲಿಡಲಾಗದ ಬಾವಿ ಬೇಕು."

ಎತ್ತರದ ಕಟ್ಟೆ, ರಾಟೆ, ಹಗ್ಗ ಇರುವ ಸೇದುವ ಬಾವಿಯೊಂದನ್ನು ಮಿಷನ್ನಿನವರು ತೋಡಿಸುವುದೆಂದು ತೀರ್ಮಾನವಾಯಿತು. ಸುದ್ದಿ ತಿಳಿದ ದಿನವೇ ಕೇರಿಯ ಹಿರಿಯ ಬಂದು ಶಾಲೆಯ ಚಪ್ಪರದ ಹೊರಗೆ ನಿಂತ.

"ಟೀಚರಮ್ಮಾ, ಒಂದು ಮನಿಗೆ ಒಂದು ದಿನದ ಕೈ ಕೊಡ್ತೀವಿ. ಭತ್ತದ ಕೊಯ್ಲು ಮುಗೀಲಿ, ಎಲ್ಲಾರೂ ಇಳೀತೀವಿ."

ನಾನು ಆ ಮಾತನ್ನು ಪುಸ್ತಕದಲ್ಲಿ ಬರೆದುಕೊಂಡು ಲೆಕ್ಕ ಹಾಕಿದೆ. ಕೊಯ್ಲು ಮುಗಿಯಬೇಕು, ಆಮೇಲೆ ದಿನಕ್ಕೊಂದು ಮನೆಯ ಕೈ, ಎಂದರೆ ಆ ಮನೆಯವರ ಒಂದು ದಿನದ ದುಡಿಮೆ. ಕೆಲಸ ಎರಡು ತಿಂಗಳು ಎಳೆಯುತ್ತದೆ. ಹೊಸಪೇಟೆಯಿಂದ ಬಾವಿ ತೋಡುವವರು ಬಂದರೆ ಹನ್ನೆರಡು ದಿನ. ಡಾಕ್ಟರಮ್ಮನವರಿಗೆ ಹನ್ನೆರಡು ದಿನದ ದಾರಿಯನ್ನಷ್ಟೇ ಹೇಳಿದೆ. ಹಿರಿಯ ಬಂದು ದುಡಿಯುತ್ತೇವೆಂದದ್ದನ್ನು ಹೇಳಲಿಲ್ಲ. ಸುಳ್ಳು ಹೇಳಿದೆ ಎಂದು ನನಗೆ ಅನಿಸಲೂ ಇಲ್ಲ. ಹೊಲದಲ್ಲಿ ಬಗ್ಗಿ ಬಗ್ಗಿ ಸೊಂಟ ಬಿದ್ದವರಿಗೆ ವಿಶ್ರಾಂತಿ ಕೊಡಿಸಿದೆ ಎಂದೇ ಅಂದುಕೊಂಡೆ. ಹಿರಿಯನಿಗೆ, "ನೀವು ದಣೀಬ್ಯಾಡ್ರಿ, ಎಲ್ಲಾ ಮಿಷನ್ನಿನವರೇ ಮಾಡಿಸ್ತಾರ," ಎಂದೆ.

"ಆತು ಬಿಡ್ರಿ ಹಂಗಾರ," ಎಂದು ಆತ ಹೊರಟುಹೋದ. ನಾನು ದಿನಚರಿಯಲ್ಲಿ 'ಹಿರಿಯರು ಒಪ್ಪಿದರು' ಎಂದು ಬರೆದೆ.

ಹದಿಮೂರು ದಿನಕ್ಕೆ ಬಾವಿ ಮುಗಿಯಿತು. ಪ್ರಾರ್ಥನೆಯಾಯಿತು, ಮಕ್ಕಳು ಹಾಡಿದರು, ಬೆಲ್ಲ ಹಂಚಿದೆವು. ಮರುದಿನದಿಂದ ಸೊನ್ನೆಗಳು ಶುರುವಾದವು.

ಡಾಕ್ಟರಮ್ಮನವರು ಬಂದಾಗ ಆ ಪುಟ ತೋರಿಸಿದೆ. "ಸಂಡೂರಿನ ದಾರಿಯಲ್ಲಿ ಇನ್ನೊಂದು ಕೇರಿಯವರು ಬಾವಿ ಕೇಳಿದ್ದಾರೆ. ಇದನ್ನು ಯಾರೂ ಮುಟ್ಟುವುದಿಲ್ಲವೆಂದರೆ ಮಿಷನ್ನಿನವರು ಅದನ್ನು ಕೊಡುವುದಿಲ್ಲ. ಅದಕ್ಕಿಂತ ಮುಖ್ಯ, ಈ ಬೇಸಿಗೆಯೂ ಇವರು ಆ ಮೆಟ್ಟಿಲು ಇಳಿದರೆ ಮುಂದಿನ ವರ್ಷ ಮತ್ತೆ ಹತ್ತೊಂಬತ್ತು ಕಾಲು. ಏಕೆ ಎಂದು ತಿಳಿದುಕೊ," ಎಂದು ಹೇಳಿ ಬಂಡಿ ಹತ್ತಿದರು.

ಮರುದಿನ ಬೆಳಿಗ್ಗೆ ಮೆಟ್ಟಿಲು ಬಾವಿಗೆ ಹೋದೆ. ಸೂಲಗಿತ್ತಿ ಮೊಣಕಾಲಿನ ತನಕ ನೀರಿನಲ್ಲಿ ನಿಂತು ಕೊಡ ಮುಳುಗಿಸುತ್ತಿದ್ದಳು.

"ಯಾಕವ್ವಾ, ಹೊಸಾ ಬಾವಿ ನಿಮ್ಮ ಮನಿಗೆ ಇದಕ್ಕಿಂತ ಹತ್ರ ಐತಲ್ಲ?"

"ಐತಿ. ನಿಮ್ಮ ಬಾವಿ ಭಾಳ ಚಂದ ಐತಿ. ದಿನಾ ನೋಡಾಕ ಬರ್ತೀವಲ್ಲ!"

ಮೇಲಿನ ಮೆಟ್ಟಿಲಿನ ಹೆಂಗಸರು ನಕ್ಕರು.

"ನೋಡಾಕಲ್ಲವ್ವಾ ಅದು, ಕುಡ್ಯಾಕ."

"ಕೈ ಹಚ್ಚದ ಬಾವ್ಯಾಗ ಕೊಡ ಹೆಂಗ ಬಿಡೂದು?" ಎಂದಳು ಆಕೆ, ಇದನ್ನೂ ಹೇಳಿಕೊಡಬೇಕೇ ಎನ್ನುವ ಹಾಗೆ. ಆಮೇಲೆ ಮೇಲೆ ಬಂದು ಕುಳಿತು ಹೇಳಿಕೊಟ್ಟಳು. ವರ್ಷಕ್ಕೊಮ್ಮೆ, ಬೇಸಿಗೆಗೆ ಮುಂಚೆ, ಈ ಬಾವಿಯ ಹೂಳು ತೆಗೆಯುತ್ತಾರೆ. ಒಂದು ಮನೆಗೆ ಒಂದು ದಿನದ ಕೈ. ಆಳಿಲ್ಲದ ಮನೆಯವರು ಹೂಳು ಹೊರುವವರಿಗೆ ರೊಟ್ಟಿ ತಂದರೆ ಅದೂ ಕೈಯೇ. ಸಂಜೆ ಹಿರಿಯ ತನ್ನ ಮನೆಯ ಗೋಡೆಯ ಮೇಲೆ ಆ ದಿನ ದುಡಿದ ಮನೆಗೊಂದು ಇದ್ದಲಿನ ಗೆರೆ ಎಳೆಯುತ್ತಾನೆ. ಗೆರೆ ಇಲ್ಲದ ಮನೆಯವರು ಆ ವರ್ಷ ಬಾವಿಗೆ ಇಳಿಯುವುದಿಲ್ಲ. ಪಕ್ಕದವರ ಬಾಗಿಲಿಗೆ ಹೋಗಿ ಕೊಡ ಒಡ್ಡಬೇಕು.

"ಊರ ಬಾವಿ ಮುಂದ ದಿನಾ ನಿಂತು, ಮ್ಯಾಲಿನವರು ಸುರಿದಷ್ಟು ತಗೊಂಡು ಸಾಕಾಗೇ ನಮ್ಮ ಅಜ್ಜಗೋಳು ಇದನ್ನ ತೋಡಿದ್ದು. ಈಗ ಇಡೀ ಕೇರಿನೇ ನಿಮ್ಮ ಮುಂದ ಕೊಡ ಒಡ್ಡಬೇಕೇನು?"

"ನಾವು ಹಂಗ ಅಂದಿಲ್ಲವ್ವಾ. ಇದನ್ನ ಮೊದಲೇ ಯಾಕ ಹೇಳಲಿಲ್ಲ?"

"ಹಿರ್ಯಾ ಬಂದು ಹೇಳಲಿಲ್ಲೇನು? ನೀವು ದಣೀಬ್ಯಾಡ್ರಿ ಅಂದ್ರಿ. ನಾವು ದಣೀಲಿಲ್ಲ." ಕೊಡ ತಲೆಗೇರಿಸಿಕೊಂಡು ಹೊರಟುಹೋದಳು.

ಡಾಕ್ಟರಮ್ಮನವರು ಮತ್ತೆ ಬರಲು ಹದಿನಾಲ್ಕು ದಿನವಿತ್ತು. ಆ ದಿನಗಳಲ್ಲಿ ಚಿಕ್ಕಂದಿನಿಂದ ಚರ್ಚಿನಲ್ಲಿ ಕೇಳಿದ್ದ ಒಂದು ಸಂಗತಿ ಮತ್ತೆ ಮತ್ತೆ ನೆನಪಾಗುತ್ತಿತ್ತು. ಪ್ರಭು ನಡೆದು ದಣಿದು ಮಧ್ಯಾಹ್ನದ ಬಿಸಿಲಲ್ಲಿ ಬಾವಿಯ ಹತ್ತಿರ ಕುಳಿತಾಗ, ಯಾರೂ ಮುಟ್ಟದ ಜನರ ಹೆಂಗಸೊಬ್ಬಳು ಕೊಡ ತಂದಳು. ಅವಳಿಗೆ ಆತ ಮೊದಲು ಏನನ್ನೂ ಕೊಡಲಿಲ್ಲ. ನೀರು ಕೇಳಿದ. ಅವಳ ಕೊಡ, ಅವಳ ಹಗ್ಗ, ಅವಳ ಕೈ. ನಾನಾದರೋ ಈ ಕೇರಿಗೆ ಬಂದಂದಿನಿಂದ ಯಾರನ್ನೂ ಏನನ್ನೂ ಕೇಳಿರಲಿಲ್ಲ. ಅವರಾಗಿ ಕೊಡಲು ಬಂದದ್ದನ್ನು ಬೇಡವೆಂದಿದ್ದೆ. ಇದನ್ನು ಬರೆಯಲು ಕುಳಿತರೆ ಯಾವ ಅಂಕಣಕ್ಕೆ ಬರೆಯಬೇಕೆಂದು ತಿಳಿಯುತ್ತಿರಲಿಲ್ಲ.

ಡಾಕ್ಟರಮ್ಮನವರು ಬಂದ ಕೂಡಲೇ, ಪೆಟ್ಟಿಗೆ ಇಳಿಸುವ ಮುಂಚೆಯೇ, ಎಲ್ಲವನ್ನೂ ಹೇಳಿದೆ. ಹಿರಿಯ ಬಂದು ದುಡಿಯುತ್ತೇವೆಂದದ್ದು, ನಾನು ಮುಚ್ಚಿಟ್ಟದ್ದು. ಅವರು ಸಿಟ್ಟಾಗಲಿಲ್ಲ, ಆಗಿದ್ದರೆ ನನಗೆ ಹಗುರವಾಗುತ್ತಿತ್ತು. "ನಾನೂ ಕೇಳಲಿಲ್ಲ," ಎಂದರು. ಹಿರಿಯನ ಮನೆಯ ತನಕ ನಡೆದು ಹೋಗಿ, ಗೋಡೆಯ ಗೆರೆಗಳ ಎದುರು ನಿಂತು ಕೇಳಿದರು: "ಆ ಬಾವಿಯಲ್ಲಿ ಇನ್ನು ಏನಾದರೂ ಕೆಲಸ ಉಳಿದಿದೆಯೇ?"

ಹಿರಿಯ ನಕ್ಕ. "ಕೆಲಸಕ್ಕೇನು ಬರಾ? ಇನ್ನೊಂದಾಳುದ್ದ ಇಳೀಬೇಕು. ಗದ್ದಿ ಕಾಲುವಿ ತುಂಬಿ ಹರಿಯೂವಾಗ ತೋಡಿದ ಬಾವಿ ಅದು. ಕಾಲುವಿ ಬಂದ್ ಆತಂದ್ರ ನೀರು ಇಳಿದು ತಳದಾಗ ಕಪ್ಪಿ ಕುಣೀತಾವ."

"ಇದು ನಿಮಗೆ ಮೊದಲೇ ಗೊತ್ತಿತ್ತೇ?"

"ಕೇರಿ ಕೂಸಿಗೂ ಗೊತ್ತು. ಕೇಳಿದವರು ಯಾರು, ಡಾಕ್ಟರಮ್ಮ?"

"ಈಗ ನಾನು ಕೇಳುತ್ತಿದ್ದೇನೆ," ಎಂದರು ಅವರು. ಹಿರಿಯ ತಲೆಯ ವಸ್ತ್ರ ಬಿಚ್ಚಿ ಮತ್ತೆ ಸುತ್ತಿಕೊಂಡ. ಕೊಯ್ಲು ಮುಗಿದಿತ್ತು. ಸೋಮವಾರದಿಂದ ಇಳಿಯುವುದೆಂದು ಮಾತಾಯಿತು.

ನಾನು ಯಾವ ಮನೆ ಯಾವ ದಿನವೆಂದು ಪಟ್ಟಿ ಮಾಡಿಕೊಂಡು ಹೋದೆ. ಹಿರಿಯ ಅದನ್ನು ಮಡಿಸಿ ನನ್ನ ಕೈಗೇ ಕೊಟ್ಟ. "ಪುಸ್ತಕ ನಿಮ್ಮ ಸಾಲಿಗಿರಲಿ ಟೀಚರಮ್ಮ. ಇದಕ್ಕ ಗ್ವಾಡಿ ಸಾಕು." ನಾನು ಅಂದುಕೊಂಡಂತೆ ದಿನಕ್ಕೊಂದೇ ಮನೆಯಲ್ಲ, ಎರಡು ಮೂರು ಮನೆಗಳವರು ಒಟ್ಟಿಗೆ ಇಳಿದರು. ನನ್ನ ಎರಡು ತಿಂಗಳ ಲೆಕ್ಕವೇ ತಪ್ಪಾಗಿತ್ತು. ಹದಿನಾಲ್ಕು ದಿನಕ್ಕೆ ಆಳುದ್ದ ಮುಗಿಯಿತು. ನಡುವೆ ಒಂದು ಶನಿವಾರ ಶಾಲೆಗೆ ರಜೆ ಕೊಟ್ಟು ನಾನೂ ಹೆಂಗಸರ ಸಾಲಿನಲ್ಲಿ ನಿಂತು ಮಣ್ಣಿನ ಬುಟ್ಟಿ ದಾಟಿಸಿದೆ. ಎಷ್ಟು ಬುಟ್ಟಿ ಎಂದು ಗೊತ್ತಿಲ್ಲ. ನಲವತ್ತರ ಆಚೆ ಎಣಿಕೆ ತಪ್ಪಿತು, ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು.

ಸಂಜೆ ಹಿರಿಯ ಆ ದಿನದ ಮನೆಗಳ ಗೆರೆ ಎಳೆದ ಮೇಲೆ ಸ್ವಲ್ಪ ದೂರ ಬಿಟ್ಟು ಇನ್ನೊಂದು ಎಳೆದ.

"ಇದು ಯಾರದು?" ಎಂದೆ.

"ಸಾಲಿ ಮನಿದು, ನಿಮ್ದು."

"ಅರ್ಧ ಗೆರಿ ಎಳಿಯೋ ಯಣ್ಣಾ," ಎಂದಳು ಸೂಲಗಿತ್ತಿ ಹಿಂದಿನಿಂದ. "ಎರಡು ಬುಟ್ಟಿ ನನ್ನ ಕಾಲ ಮ್ಯಾಲೇ ಚೆಲ್ಲ್ಯಾಳ. ಅದರ ಮ್ಯಾಲ, ಗೆರಿ ಬೀಳೂದಕ್ಕ ಮುಂಚೇನ ಎರಡು ಕೊಡ ಕದ್ದಾಳ."

ಆ ಎರಡು ಕೊಡಗಳನ್ನು ನಾನೊಬ್ಬಳೇ ಅಲ್ಲ, ಅವರೂ ಎಣಿಸಿದ್ದರು.

ಕೆಲಸ ಮುಗಿದ ಮರುದಿನ ಇಪ್ಪತ್ತಾರು ಕೊಡ. ಅದರ ಮರುದಿನ ಐವತ್ತರ ಮೇಲೆ. ಆಮೇಲೆ ಎಣಿಸುವುದನ್ನು ಬಿಟ್ಟೆ. ಬಟ್ಟೆ ಒಗೆಯಲು ಕೆಲವರು ಮೆಟ್ಟಿಲು ಬಾವಿಗೆ ಹೋಗುತ್ತಲೇ ಇದ್ದರು, ಹೊಲದಿಂದ ಬರುವವರು ಅಲ್ಲೇ ಬೊಗಸೆ ಕುಡಿಯುವುದೂ ಇತ್ತು. ಮುಂದಿನ ಬೇಸಿಗೆ ಕಾಲುಗಳನ್ನು ಎಣಿಸಿದಾಗ ಹದಿನಾಲ್ಕು. ಮೊದಲೇ ಕುಡಿದ ನೀರು ತನ್ನ ಪಾಲು ಎತ್ತಿಕೊಂಡಿತ್ತು. ಸೂಲಗಿತ್ತಿಯ ಎಡಗಾಲಿಗೂ ಬಿತ್ತು. ನನ್ನ ಹನ್ನೆರಡು ದಿನದ ಲೆಕ್ಕ ಎಷ್ಟು ದಿನ ನುಂಗಿತೆಂದು ಆಕೆ ಕಡ್ಡಿಗೆ ನಾರು ಸುತ್ತುವಾಗಲೆಲ್ಲ ನನಗೆ ಅನಿಸುತ್ತಿತ್ತು. ಆಕೆ ಮಾತ್ರ ಅದನ್ನು ಎತ್ತಿ ಆಡಲಿಲ್ಲ.

ಇದು ಅದರ ಮುಂದಿನ ಬೇಸಿಗೆ. ಈ ಸಲ ನಾಲ್ಕು ಕಾಲು. ಸಂಡೂರಿನ ದಾರಿಯ ಕೇರಿಗೆ ಡಾಕ್ಟರಮ್ಮನವರು ಹೋದ ತಿಂಗಳು ನನ್ನನ್ನು ಕರೆದುಕೊಂಡು ಹೋಗಿದ್ದರು. ಬಾವಿ ಎಲ್ಲಿ ತೋಡಬೇಕೆಂಬುದರ ಮೇಲೆ ಅಲ್ಲಿಯವರು ಇನ್ನೂ ಜಗಳವಾಡುತ್ತಿದ್ದಾರೆ, ನಾವು ಕಾಯುತ್ತಿದ್ದೇವೆ.

ಇವತ್ತು ಗುರುವಾರ. ಬೆಳಿಗ್ಗೆ ಶಾಲೆಯ ಬಾಗಿಲು ತೆಗೆಯುತ್ತಿದ್ದಾಗ ಸೂಲಗಿತ್ತಿ ಸೀರೆ ಎತ್ತಿ ಕಟ್ಟಿಕೊಂಡು ಓಣಿಯ ಆ ತುದಿಗೆ ಹೊರಟಿದ್ದಳು. "ಅವ್ವಾ, ಯಾರಿಗೆ?" ಎಂದು ಕೂಗಿದೆ. "ಆಮ್ಯಾಲೆ ಹೇಳ್ತೀನಿ, ನಿಂದ್ರಾಕ ಹೊತ್ತಿಲ್ಲ," ಎಂದು ತಿರುಗಿ ನೋಡದೆ ಹೋದಳು. ಮಧ್ಯಾಹ್ನದ ಹೊತ್ತಿಗೆ ಆ ಕಡೆಯಿಂದ ಕೂಸು ಅಳುವುದು ಕೇಳಿಸಿತು. ದಿನಚರಿಯಲ್ಲಿ ಒಂದೇ ಸಾಲು ಬರೆದಿದ್ದೇನೆ: ಸೂಲಗಿತ್ತಿ ನಡೆದುಕೊಂಡು ಹೋದಳು.