ನೆಂದ ಗೋಡೆಗೆ ಸಾಲ

ಆಗ ನಾವು ಪಾಂಡವಪುರದಲ್ಲಿ ಬಾಡಿಗೆಗಿದ್ದೆವು. ನಮ್ಮ ಯಜಮಾನರದು ಮರಗೆಲಸ, ಎಲ್ಲರೂ ಆಚಾರ್ರು ಎನ್ನುತ್ತಿದ್ದರು. ಶ್ರೀರಂಗಪಟ್ಟಣದಲ್ಲಿ ನಾಲೆ ಪಕ್ಕದ ಮನೆಯೊಂದು ಅಗ್ಗಕ್ಕೆ ಬಂತು. ಯಾಕೆ ಅಗ್ಗ ಎಂದು ಹಿಂದಿನ ಕೋಣೆಗೆ ಕಾಲಿಟ್ಟರೇ ಗೊತ್ತಾಗುತ್ತಿತ್ತು. ಸೊಂಟದೆತ್ತರಕ್ಕೆ ಗೋಡೆ ನೆಂದು ಕಪ್ಪಗೆ ಬೂಷ್ಟು ಹಿಡಿದಿತ್ತು. ಆದರೂ ನನ್ನ ಸರ ಮಾರಿ ಮುಂಗಡ ಕೊಟ್ಟೆವು. ಮೂರು ತಿಂಗಳಲ್ಲಿ ಉಳಿದದ್ದು ಕೊಡದಿದ್ದರೆ ಮುಂಗಡ ಹೋಯಿತು ಎಂದು ಕರಾರು. ಬ್ಯಾಂಕಿನ ಸಾಲವೇ ಗತಿ. ಎರಡು ತಿಂಗಳು ಕಾಗದ ಪತ್ರಕ್ಕೇ ಕಳೆದ ಮೇಲೆ, ಮನೆ ನೋಡಲು ಬ್ಯಾಂಕಿನ ಇಂಜಿನಿಯರು ಬರುತ್ತಾರೆಂದು ತಿಳಿಯಿತು.

"ಬೂಷ್ಟು ಕಂಡ್ರೆ ಒಂದ್ ಕಾಸೂ ಕೊಡಕಿಲ್ಲ ಕಣೇ. ಸುಣ್ಣ ಒಡ್ದುಬುಡು" ಎಂದರು ಯಜಮಾನರು.

ಹಿಂದಿನ ದಿನ ಬೀಗದ ಕೈ ಇಸಿದುಕೊಂಡು ಹೋಗಿ, ತೆಂಗಿನ ನಾರಿನಲ್ಲಿ ಬೂಷ್ಟು ಉಜ್ಜಿ, ಎರಡು ಸಲ ಬಳಿದೆ. ಬುದ್ಧಿ ಕೆಟ್ಟದ್ದು ಅಲ್ಲೇ. ಸುಣ್ಣ ಒಣಗಿದರೆ ತಾನೇ ಬೆಳ್ಳಗಾಗುವುದು? ಬೆಳಿಗ್ಗೆ ನೋಡಿದರೆ ಮೇಲೆಲ್ಲ ಬಿಳುಪು, ಕೆಳಗೆ ಬೂದಿ ಬಣ್ಣ. ನೀರು ಎಲ್ಲಿಯವರೆಗೆ ಏರಿದೆ ಎಂದು ನಾನೇ ಗೆರೆ ಎಳೆದು ತೋರಿಸಿದ ಹಾಗಿತ್ತು.

ಇಂಜಿನಿಯರು ಗೋಡೆಗೆ ಅಂಗೈ ಒತ್ತಿದರು. "ಯಾವಾಗ ಬಳಿದದ್ದು?"

"ಓದ್ ವರ್ಸ ಸಾ" ಎಂದರು ಯಜಮಾನರು.

ಇಂಜಿನಿಯರು ಅಂಗೈ ತಿರುಗಿಸಿ ತೋರಿಸಿದರು. ಹಸಿ ಸುಣ್ಣ ಮೆತ್ತಿತ್ತು. ನನಗೆ ಸಾಕಾಯಿತು.

"ನೆನ್ನೆ ನಾನೇ ಬಳ್ದೆ ಸ್ವಾಮಿ. ನಾಲೆಗೆ ನೀರ್ ಬುಟ್ಟಾಗ ಗೋಡೆ ನೆನೀತದೆ. ಬರ್ಕೊಳಿ. ಮುಂದಿನ ಎರಡು ಕೋಣೆ ಒಣಗವೆ, ಅದ್ನೂ ಬರೀರಿ."

ಬರೆದರು. ಕೇಳಿದ್ದರಲ್ಲಿ ಮುಕ್ಕಾಲು ಮಾತ್ರ ಮಂಜೂರಾಯಿತು.

"ಬಾಯಿ ಮುಚ್ಕೊಂಡಿರಕ್ಕೆ ಏನಾಗಿತ್ತೇ ನಿಂಗೆ?" ಎಂದು ಯಜಮಾನರು ತಟ್ಟೆ ಬಿಟ್ಟು ಎದ್ದರು. ಗಡುವಿಗೆ ಒಂಬತ್ತು ದಿನ ಉಳಿದಿತ್ತು.

ಮನೆ ಮಾರುವವರದು ಬೆಲ್ಲದ ಮಂಡಿ. ಬ್ಯಾಂಕಿನ ಕಾಗದ ಹಿಡಿದು ನಾನೇ ಅಲ್ಲಿಗೆ ಹೋದೆ.

"ಸಾಲ ಕಮ್ಮಿ ಸಿಕ್ರೆ ನಾನೇನ್ ಮಾಡ್ಲವ್ವ? ಮುಂಗಡ ಮರ್ತುಬುಡಿ" ಎಂದರು.

"ಮರೀತೀನಿ ಬುಡಿ. ನಾಳೆ ಇನ್ನೊಬ್ರು ಬತ್ತಾರೆ, ಅವ್ರೂ ಸಾಲಕ್ಕೆ ಅದೇ ಬ್ಯಾಂಕಿಗೇ ಹೋಯ್ತಾರೆ. ಗೋಡೆ ನೆಂದದೆ ಅಂತ ಬರ್ದಿರೋ ಕಾಗದ ಅಲ್ಲೇ ಅದೆ. ಆಗ ನೀವೇ ಸುಣ್ಣ ಒಡ್ಕೊಳಿ."

ಅವರು ಬೆಲ್ಲದ ಅಚ್ಚೊಂದನ್ನು ಎತ್ತಿ ಇಟ್ಟು, ಮತ್ತೆ ಎತ್ತಿ ಇಟ್ಟು ಮಾಡಿದರು.

"ನಿಮ್ ಆಚಾರ್ರು ಒಳ್ಳೇರು. ನೀನು ಬಲು ಕೆಟ್ಟೋಳು ಕಣವ್ವ."

ಸಾಲ ಕಮ್ಮಿ ಬಿದ್ದಷ್ಟನ್ನೂ ಬೆಲೆಯಲ್ಲಿ ಬಿಟ್ಟರು. ಆದರೆ ರಿಜಿಸ್ಟ್ರಿಯ ದಿನ, ಗೋಡೆ ನೆನೆಯುವುದು ತಿಳಿದೇ ಕೊಂಡಿದ್ದೇವೆ, ಮುಂದೆ ತಕರಾರಿಲ್ಲ ಎಂದು ಪತ್ರದಲ್ಲಿ ಒಂದು ಸಾಲು ಸೇರಿಸಿದ್ದರು. ಯಜಮಾನರು ನನ್ನ ಮುಖ ನೋಡಿದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅಕ್ಷರ ಕೂಡಿಸಿಕೊಂಡು ರುಜು ಹಾಕಿದೆ.